ಸ್ಕ್ರೀನ್ ಅಲ್ಲಾಡಿತೆಂದು ಹಿಂಜ್ ಬಿಗಿಸಬೇಡಿ

ಉಡುಪಿಯ ನಮ್ಮ ರಿಪೇರಿ ಅಂಗಡಿಗೆ ಬರುವವರಲ್ಲಿ ಮಣಿಪಾಲದ ವಿದ್ಯಾರ್ಥಿಗಳೇ ಹೆಚ್ಚು. ಲ್ಯಾಪ್‌ಟಾಪ್ ತೆರೆದಿಟ್ಟು, ಸ್ಕ್ರೀನಿನ ಮೇಲಂಚನ್ನು ಬೆರಳಿನಿಂದ ತಟ್ಟಿ ತೋರಿಸುತ್ತಾರೆ: "ನೋಡಿ ಅಣ್ಣಾ, ಹೇಗೆ ಅಲ್ಲಾಡುತ್ತದೆ. ಹಿಂಜ್ ಟೈಟ್ ಮಾಡಿ ಕೊಡಿ." ತಟ್ಟಿದರೆ ಅಲ್ಲಾಡದ ಸ್ಕ್ರೀನ್ ಅಪರೂಪ. 15.6 ಇಂಚಿನ ತೆಳುವಾದ ಮುಚ್ಚಳ, ಅದಕ್ಕೆ ಆಧಾರ ಕೆಳಗಿನ ಎರಡು ಹಿಂಜ್, ಅಂದರೆ ಮುಚ್ಚಳ ತಿರುಗುವ ಕೀಲುಗಳು, ಮಾತ್ರ. ಮೇಲಿನ ತುದಿ ಸ್ವಲ್ಪ ತೂಗಲೇಬೇಕು. ತೂಗಾಟ ಬೇಗ ನಿಂತು ಸ್ಕ್ರೀನ್ ಮೊದಲಿದ್ದ ಕೋನಕ್ಕೇ ಮರಳಿದರೆ ನಾನು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದಿಲ್ಲ.

ನೋಡಬೇಕಾದದ್ದು, ಬಿಟ್ಟಲ್ಲಿ ನಿಲ್ಲುತ್ತದೆಯೇ ಎಂಬುದನ್ನು. ಅರ್ಧ ತೆರೆದು ಕೈ ಬಿಡಿ. ಆಮೇಲೆ ಕೆಲಸ ಮಾಡುವ ಕೋನಕ್ಕೆ ತಂದು, ಲ್ಯಾಪ್‌ಟಾಪನ್ನು ಎರಡೂ ಕೈಗಳಿಂದ ಎತ್ತಿ ನಿಧಾನವಾಗಿ ಹಿಂದಕ್ಕೂ ಮುಂದಕ್ಕೂ ವಾಲಿಸಿ. ಮುಚ್ಚುವಾಗ ಕೊನೆಯ ಸ್ವಲ್ಪ ದೂರ ತಾನಾಗಿ ಕೂತುಕೊಂಡರೆ ಅದು ದೋಷವಲ್ಲ. ಹಲವು ಮಾದರಿಗಳು ಇರುವುದೇ ಹಾಗೆ. ಅರ್ಧ ತೆರೆದದ್ದು ಕೈಬಿಟ್ಟೊಡನೆ ಕುಸಿದರೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟಾಗ ಹಿಂದಕ್ಕೆ ಮಲಗಿದರೆ, ಆಗ ಸಡಿಲವಾಗಿದೆ ಎನ್ನಬಹುದು.

ಸ್ಕ್ರೀನನ್ನು ಹಿಡಿದು ನಿಲ್ಲಿಸುವುದು ಘರ್ಷಣೆ. ಕೆಲವು ಹಿಂಜ್‌ಗಳಲ್ಲಿ ಉಕ್ಕಿನ ಸರಳಿಗೆ ವಾಷರ್‌ಗಳನ್ನು ಪೋಣಿಸಿ ತುದಿಯಲ್ಲಿ ನಟ್ ಬಿಗಿದಿರುತ್ತಾರೆ. ಇನ್ನು ಕೆಲವದರಲ್ಲಿ ಸರಳಿನ ಸುತ್ತ ಉಕ್ಕಿನ ಪಟ್ಟಿಯನ್ನು ಸುತ್ತಿರುತ್ತಾರೆ. ಮೊದಲನೆಯದು ಸವೆದರೆ ನಟ್ಟನ್ನು ಕಾಲು ಸುತ್ತು ಬಿಗಿದು ನೋಡಬಹುದು, ಎರಡನೆಯದನ್ನು ಬದಲಿಸಬೇಕು. ಈ ಬಗೆಯ ಸಡಿಲದಿಂದ ಕಿರಿಕಿರಿಯೇ ಹೊರತು ದೊಡ್ಡ ಅಪಾಯವಿಲ್ಲ.

ನನಗೆ ಭಯವಿರುವುದು ಬಿಗಿಯಾದ ಹಿಂಜ್‌ನದು. ಕುಂದಾಪುರ ಕಡೆಯ ಉಪನ್ಯಾಸಕಿಯೊಬ್ಬರು ತಂದಿದ್ದ ಲ್ಯಾಪ್‌ಟಾಪ್ ತೆರೆಯಲು ಬಲ ಹಾಕಬೇಕಿತ್ತು. "ಬಿಗಿಯೇ ಇದೆ ಮಾರಾಯರೇ, ಆದರೂ ಎಡಗಡೆ ಅಲ್ಲಾಡುತ್ತದೆ" ಎಂದರು. ತಳದ ಕವಚ ಬಿಚ್ಚಿದೆ. ಎಡ ಹಿಂಜ್‌ನ ಸ್ಕ್ರೂಗಳು ಒಂದೂ ಸಡಿಲಾಗಿರಲಿಲ್ಲ. ಆದರೆ ಪ್ರತಿಯೊಂದರ ತುದಿಯಲ್ಲೂ ಪುಟ್ಟ ಹಿತ್ತಾಳೆಯ ನಟ್ ಕಚ್ಚಿಕೊಂಡೇ ಇತ್ತು, ಅದರ ಸುತ್ತ ಒಡೆದ ಪ್ಲಾಸ್ಟಿಕ್ಕಿನ ಬಳೆ. ಆ ನಟ್‌ಗಳು ಇರಬೇಕಾದದ್ದು ಕೀಬೋರ್ಡಿನ ಫ್ರೇಮಿನೊಳಗೆ. ಹಿಂಜ್ ತಿರುಗಲೊಪ್ಪದೆ ತನ್ನ ಬುಡವನ್ನೇ ಕಿತ್ತುಕೊಂಡು ಮೇಲೆದ್ದಿತ್ತು. ಇನ್ನಷ್ಟು ಬಿಗಿಸಿದ್ದರೆ ಬಲಗಡೆಯದೂ ಕಿತ್ತು ಬರುತ್ತಿತ್ತು. ಎರಡೂ ಹಿಂಜ್‌ಗಳ ಸರಳಿನ ತುದಿಯ ನಟ್ಟನ್ನು ಕೊಂಚ ಸಡಿಲಿಸಿ, ಕಿತ್ತ ಜಾಗವನ್ನು ಎಪಾಕ್ಸಿ ಅಂಟಿನಿಂದ ಕೂರಿಸಿದೆ. ಸಡಿಲಿಸದೆ ಬರೀ ಅಂಟು ಹಾಕಿದರೆ ಅದು ನಿಲ್ಲುವುದಿಲ್ಲ. ಪ್ಲಾಸ್ಟಿಕ್ ಪೂರ್ತಿ ಪುಡಿಯಾಗಿದ್ದರೆ ಫ್ರೇಮನ್ನೇ ಬದಲಿಸಬೇಕು.

ನಮ್ಮ ಕರಾವಳಿಯಲ್ಲಿ ಇದನ್ನು ಇನ್ನಷ್ಟು ಗಮನಿಸಬೇಕು. ಮಳೆಗಾಲದ ತೇವ, ಸಮುದ್ರದ ಉಪ್ಪು ಗಾಳಿ ಎರಡೂ ಉಕ್ಕಿಗೆ ಆಗಿಬರುವುದಿಲ್ಲ. ಹಿಂಜ್‌ನ ಗ್ರೀಸ್ ಒಣಗಿ ಸರಳಿಗೆ ತುಕ್ಕು ಹಿಡಿದರೆ ಅದು ದಿನೇ ದಿನೇ ಬಿಗಿಯಾಗುತ್ತದೆ. ಮಲ್ಪೆಯ ಕಡೆಯಿಂದ ಬಂದ ಲ್ಯಾಪ್‌ಟಾಪ್‌ಗಳಲ್ಲಿ ನಾನು ಮೊದಲು ನೋಡುವುದೇ ತುಕ್ಕನ್ನು. ಮನೆಯಲ್ಲಿ ತೆಂಗಿನೆಣ್ಣೆ ಬಿಡುವವರಿದ್ದಾರೆ, ದಯವಿಟ್ಟು ಬಿಡಬೇಡಿ. ಎಣ್ಣೆ ಸ್ಕ್ರೀನಿನ ಪದರಗಳಿಗೆ ಇಳಿದರೆ ಕಲೆ ಹೋಗುವುದಿಲ್ಲ.

ಬುಡ ಗಟ್ಟಿಯಾಗಿದೆಯೇ ಎಂದು ತಿಳಿಯಲು ಲ್ಯಾಪ್‌ಟಾಪನ್ನು ಪಕ್ಕದಿಂದ, ಕಣ್ಣಿನ ಮಟ್ಟದಲ್ಲಿ ನೋಡುತ್ತಾ ನಿಧಾನವಾಗಿ ತೆರೆಯಿರಿ. ಹಿಂಜ್ ಹತ್ತಿರದ ಸಂದು ಬಾಯಿಬಿಟ್ಟರೆ, ಟಕ್ ಎಂಬ ಸದ್ದು ಬಂದರೆ, ಒಂದು ಕಡೆ ಮೊದಲೆದ್ದು ಇನ್ನೊಂದು ಹಿಂದುಳಿದರೆ, ಅಲ್ಲಿಗೇ ನಿಲ್ಲಿಸಿ. ಮತ್ತೆ ಮತ್ತೆ ತೆರೆದು ಮುಚ್ಚಿ ಪರೀಕ್ಷಿಸಬೇಡಿ. ಸ್ಕ್ರೀನಿನ ಕೇಬಲ್ ಸಾಮಾನ್ಯವಾಗಿ ಹಿಂಜ್ ಪಕ್ಕದಲ್ಲೇ ಹಾದುಹೋಗುತ್ತದೆ; ಮುರಿದ ಬುಡ ಅದನ್ನು ಜಜ್ಜಿದರೆ ಚಿತ್ರ ಮಿನುಗಲು ಶುರುವಾಗುತ್ತದೆ, ರಿಪೇರಿಯ ಖರ್ಚೂ ಏರುತ್ತದೆ. ಮೂಲೆ ಹಿಡಿದು ತೆರೆಯುವ ಅಭ್ಯಾಸವಿದ್ದರೆ ಬಿಡಿ, ಭಾರವೆಲ್ಲ ಒಂದೇ ಹಿಂಜ್ ಮೇಲೆ ಬೀಳುತ್ತದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರಂತೂ ಹಣ ಕೊಡುವ ಮೊದಲು ಈ ಸಂದನ್ನು ನೋಡಲೇಬೇಕು. ಮಾರುವವರು ತೆರೆದು ತೋರಿಸಿದರೆ ಸಾಲದು, ನೀವೇ ಮುಚ್ಚಿ, ನೀವೇ ತೆರೆಯಿರಿ.