ಯಾರೂ ಸತ್ತಿಲ್ಲ ದೊಡ್ಡಮ್ಮ

ಪ್ರಶ್ನೆ ಇದು: "ಅವರು ಹಾಡ್ತಿದ್ದಾರೋ, ಕಿರಚ್ತಿದ್ದಾರೋ?"

ಹಾಡುತ್ತಿದ್ದಾರೆ. ಇಲ್ಲಿಗೇ ಮುಗಿಸಬಹುದಿತ್ತು. ಆದರೆ ಕೇಳುವವರು ಮುಗಿಸುವುದಿಲ್ಲ. ಬಲ್ಗೇರಿಯಾದ ಪ್ಲೊವ್ದಿವ್‌ನಲ್ಲಿ ಎರಡು ವರ್ಷ ಇದ್ದು ಬಂದೆ. ಅಂದಿನಿಂದ ನನ್ನ ಫೋನಿನಲ್ಲಿರುವ ಅಲ್ಲಿಯ ಜನಪದ ಹಾಡುಗಾರ್ತಿಯರ ವಿಡಿಯೋ ನೋಡಿದವರೆಲ್ಲ ಇದನ್ನೇ ಕೇಳುತ್ತಾರೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ: "ನೀನು ಸಂಗೀತ ಕಲಿತವಳು, ನಿಂಗೆ ಹೇಗಮ್ಮ ಇದು ಇಷ್ಟ ಆಗುತ್ತೆ?" ಅದು ಪ್ರಶ್ನೆ ಅಲ್ಲ, ಬೈಗುಳ. ನಾನು ಜೂನಿಯರ್ ಪಾಸಾಗಿ ಸೀನಿಯರ್ ಅರ್ಧಕ್ಕೆ ಬಿಟ್ಟವಳು. ಬಿಟ್ಟಾಗ ಒಬ್ಬರೂ ಯಾಕೆ ಅಂತ ಕೇಳಿರಲಿಲ್ಲ. ಈಗ ಎಲ್ಲರಿಗೂ ನನ್ನ ಸಂಗೀತದ ಚಿಂತೆ.

ಗೊತ್ತಿಲ್ಲದವರಿಗೆ ಎರಡು ಮಾತು. ಪ್ಲೊವ್ದಿವ್ ಆ ದೇಶದ ಎರಡನೇ ದೊಡ್ಡ ಊರು. ಹಳೇ ಊರಿನ ಗುಡ್ಡದ ಮೇಲೆ ರೋಮನ್ನರ ಕಾಲದ ಬಯಲು ರಂಗಮಂದಿರ ಇದೆ. ಅದರ ಪಕ್ಕದಲ್ಲೇ ಸಂಗೀತ, ನೃತ್ಯ, ಚಿತ್ರಕಲೆಯ ಅಕಾಡೆಮಿ. ಅಲ್ಲಿ ಜನಪದ ಹಾಡನ್ನೇ ಓದಿ ಡಿಗ್ರಿ ತಗೊಳ್ಳಬಹುದು. ಅಕಾಡೆಮಿಗೆ ಒಂದು ಜನಪದ ಕಾಯರ್, ಅಂದರೆ ಒಟ್ಟಿಗೆ ಹಾಡುವ ಮೇಳ, ಇದೆ. ನಮ್ಮ ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ಹುಡುಗಿ ಅದರಲ್ಲಿ ಹಾಡುತ್ತಿದ್ದಳು. ನನ್ನ ಪಾಂಡಿತ್ಯವೆಲ್ಲ ಅವಳಿಂದ ಬಂದಿದ್ದು. ಸ್ವಲ್ಪ ಭಾಗ ನಮ್ಮಿಬ್ಬರ ಮನೆ ನಡುವಿನ ತೆಳು ಸೂರಿನಿಂದ.

ಈಗ ಮೈಸೂರಿನ ನಾಮಕರಣದ ವಿಷಯ. ಊಟ ಆಗಿತ್ತು. ಅರ್ಧ ಜನ ಜಮಖಾನದ ಮೇಲೆ ಉರುಳಿದ್ದರು. ಭಾವ ನನ್ನ ಫೋನ್ ಕಿತ್ತುಕೊಂಡು ಟಿವಿಗೆ ಹಾಕಿದರು. ಪರದೆ ತುಂಬ ಕಸೂತಿ ಅಂಗಿಯ ಹುಡುಗಿಯರು. ನಿಧಾನದ ಹಾಡು. ದೊಡ್ಡಮ್ಮ ಎದ್ದು ಕೂತು, ಸೆರಗು ಸರಿಮಾಡಿಕೊಂಡು, ಮೆಲ್ಲಗೆ ಕೇಳಿದರು: "ಪಾಪ, ಯಾರು ಹೋದ್ರಂತೆ?"

ಯಾರೂ ಸತ್ತಿಲ್ಲ ದೊಡ್ಡಮ್ಮ. ತೊದೊರಾ ಅನ್ನೋ ಹುಡುಗಿ ಆಲಿವ್ ಮರದ ಕೆಳಗೆ ಮಲಗಿದ್ದಾಳೆ. ಗಾಳಿ ಬೀಸಿ, ಒಂದು ಕೊಂಬೆ ಮುರಿದು, ಅವಳಿಗೆ ಎಚ್ಚರ ಆಗಿದೆ. ಕನಸಲ್ಲಿ ಅವಳ ಹುಡುಗ ಬಂದಿದ್ದ. ಹೂವಿನ ಗೊಂಚಲು, ಅದರ ಮೇಲೆ ಚಿನ್ನದ ಉಂಗುರ ತಂದಿದ್ದ. ಬೀಸೋಕೆ ಈಗಲೇ ಹೊತ್ತು ಸಿಕ್ತಾ ನಿಂಗೆ ಅಂತ ಗಾಳಿಗೆ ಬೈಯ್ತಿದ್ದಾಳೆ. ಅಷ್ಟೇ.

"ಅಷ್ಟಕ್ಕೆ ಇಷ್ಟು ಜನ ಬೇಕಾ?" ಅಂದರು ಭಾವ.

ಮುಂದಿನ ವಿಡಿಯೋ ಶೊಪ್ ಸೀಮೆಯದು, ಸೋಫಿಯಾ ನಗರದ ಸುತ್ತಲಿನ ಹಳ್ಳಿಗಳ ಹಾಡು. ಸಾಲಿನ ಕೊನೆಗೆ ಧ್ವನಿ "ಈಹ್!" ಅಂತ ಮೇಲಕ್ಕೆ ಚಿಮ್ಮುತ್ತದೆ. ಮಗು ಎದ್ದು ಅತ್ತಿತು. ನನ್ನ ವಾದಕ್ಕೆ ಅದರಿಂದ ಏನೂ ಸಹಾಯ ಆಗಲಿಲ್ಲ. ಕೊನೆಯ ಅಸ್ತ್ರ ಬಿಟ್ಟೆ: 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಚಿನ್ನದ ಲೇಪದ ರೆಕಾರ್ಡ್ ಕಳಿಸಿದರಲ್ಲ, ಅದರಲ್ಲಿ ನಮ್ಮ ಹಿಂದೂಸ್ತಾನಿ ಗಾಯಕಿ ಕೇಸರ್‌ಬಾಯಿ ಕೇರ್ಕರ್ ಜೊತೆ ಬಲ್ಗೇರಿಯಾದ ವಾಲ್ಯಾ ಬಾಲ್ಕಾನ್‌ಸ್ಕಾ ಹಾಡೂ ಇದೆ, ಗೊತ್ತಾ?

ಭಾವ ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದರು: "ಅದಕ್ಕೇ ಕಳಿಸಿರೋದು. ಭೂಮಿ ಮೇಲೆ ಬೇಡ ಅಂತ."

ಸರಿ, ಒಂದು ಒಪ್ಪಿಕೊಳ್ಳುತ್ತೇನೆ. ಕೂಗು ಅನ್ನುವ ಮಾತು ಪೂರ್ತಿ ತಪ್ಪಲ್ಲ. ಶೊಪ್ ಹಳ್ಳಿಗಳಲ್ಲಿ ಮೇಲಿನ ಧ್ವನಿಯ ಕೆಲಸಕ್ಕೆ ಇರುವ ಪದವೇ ಇಜ್ವಿಕ್ವಾ, ಅಂದರೆ ಕೂಗಿ ಹೇಳುವುದು. ಅದರ ಜೊತೆಯ ಇನ್ನೊಂದು ಬಗೆಗೆ ಬುಚಿ ಕ್ರಿವೋ ಅನ್ನುತ್ತಾರೆ, ಸೊಟ್ಟಗೆ ಮೊರೆಯುವುದು. ಉಳಿದವರು ಕೆಳಗೆ ಒಂದೇ ಸ್ವರ ಹಿಡಿದಿರುತ್ತಾರೆ. ಬಿಸ್ತ್ರಿತ್ಸಾ ಅನ್ನುವ ಹಳ್ಳಿಯ ಅಜ್ಜಿಯರು ಇದನ್ನು ಉಳಿಸಿಕೊಂಡು ಬಂದದ್ದಕ್ಕೆ 2005ರಲ್ಲಿ ಯುನೆಸ್ಕೋ ಮನ್ನಣೆ ಕೊಟ್ಟಿತು. ಇವು ಮೈಕ್ ಮುಂದೆ ನಿಂತು ಹಾಡಿದ ಹಾಡುಗಳಲ್ಲ. ಕೊಯ್ಲಿನ ಹೊಲದಲ್ಲಿ, ಬಯಲಲ್ಲಿ ಹಾಡಿದವು. ಗಂಟಲು ಬಿಚ್ಚಿ, ಎದೆಯ ಧ್ವನಿಯಲ್ಲಿ, ಅಲುಗಾಡಿಸದೆ ನೇರ ಎಸೆಯಬೇಕು. ನಮ್ಮ ಗೀಗೀ ಪದದವರಿಗೆ ಮೆಲ್ಲಗೆ ಹಾಡ್ರಪ್ಪಾ ಅಂತ ಯಾರಾದರೂ ಹೇಳ್ತಾರಾ?

ಆದರೆ ಶ್ರುತಿ ತಪ್ಪಿದೆ ಅಂದರೆ ಮಾತ್ರ ಸುಮ್ನೆ ಬಿಡುವುದಿಲ್ಲ. ಒಬ್ಬಳು ಷಡ್ಜದಲ್ಲಿ ನಿಂತಿರುತ್ತಾಳೆ. ಇನ್ನೊಬ್ಬಳು ಪಕ್ಕದ ರಿಷಭಕ್ಕೆ ಬಂದು ಅಲ್ಲೇ ನಿಲ್ಲುತ್ತಾಳೆ. ನಾವೂ ತಂಬೂರಿಯ ಮೇಲೆ ರಿ ಹಾಡುತ್ತೇವೆ, ಆದರೆ ಬೇಗ ಸ ಕಡೆ ಓಡಿ ಬರುತ್ತೇವೆ. ಅವರು ಓಡುವುದಿಲ್ಲ. ಎರಡು ಸ್ವರ ಒಂದಕ್ಕೊಂದು ಉಜ್ಜಿ ಗಾಳಿಯೇ ಗುಂಯ್ ಅನ್ನುತ್ತದೆ. ಗಂಟೆ ಹೊಡೆದ ಹಾಗೆ ಕೇಳಬೇಕು, ಕೇಳದಿದ್ದರೆ ನಾವು ಹಾಡಿದ್ದು ತಪ್ಪು ಅಂತ ಮೇಲಿನ ಮನೆ ಹುಡುಗಿ ಹೇಳಿದ್ದಳು. ಆ ಅಂತರ ಒಂದು ಕೂದಲು ಜಾರಿದರೂ ಗಂಟೆ ಹೋಗಿ ತಗಡು ಆಗುತ್ತದಂತೆ.

ಇನ್ನೊಂದು ಜಾತಿಯವರಿದ್ದಾರೆ. ಸ್ವಲ್ಪ ಓದಿಕೊಂಡವರು. "ಓ, ಆ ರಹಸ್ಯಮಯ ಧ್ವನಿಗಳಾ!" ಅಂತ ಕಣ್ಣು ಅರ್ಧ ಮುಚ್ಚುತ್ತಾರೆ. ಮಾರ್ಸೆಲ್ ಸೆಲಿಯೆ ಅನ್ನುವ ಸ್ವಿಸ್ ಮನುಷ್ಯ 1975ರಲ್ಲಿ ಬಲ್ಗೇರಿಯಾದ ಹಾಡುಗಳ ರೆಕಾರ್ಡ್ ತಂದು, ಹೆಸರಲ್ಲಿ ರಹಸ್ಯ ಅನ್ನುವ ಪದ ಸೇರಿಸಿದ. ಅದು ಹೋಗುತ್ತಲೇ ಇಲ್ಲ. ಎಂಥ ರಹಸ್ಯ? ಅಲ್ಲಿಯ ಸಂಗೀತ ಸಂಯೋಜಕ ಫಿಲಿಪ್ ಕುತೆವ್ 1951ರಲ್ಲಿ ಸರ್ಕಾರಿ ಮೇಳ ಕಟ್ಟಿದಾಗ ಹಳ್ಳಿಗಳಿಂದ ಹಾಡುವ ಹುಡುಗಿಯರನ್ನು ಆರಿಸಿ ತಂದರು. ಎಷ್ಟೋ ಸೀಮೆಗಳಲ್ಲಿ ಒಂದೇ ಧ್ವನಿಯಲ್ಲಿ ಹಾಡುತ್ತಿದ್ದ ಹಾಡಿಗೆ ಹಲವು ಧ್ವನಿ ಜೋಡಿಸಿ ಬರೆದರು. ತೊದೊರಾ ಹಾಡೂ ಹಾಗೆ ಅವರ ಕೈಯಲ್ಲಿ ಬೆಳೆದದ್ದೇ. ಅದನ್ನು ಈಗ ಅಕಾಡೆಮಿಯಲ್ಲಿ ಕಲಿಸುತ್ತಾರೆ. ನೊಟೇಶನ್ ಇದೆ, ಪರೀಕ್ಷೆ ಇದೆ, ಫೇಲೂ ಆಗುತ್ತಾರೆ. ರಹಸ್ಯದಲ್ಲಿ ಯಾರಾದರೂ ಫೇಲ್ ಆಗ್ತಾರಾ?

ನಾಮಕರಣದ ಮನೆಗೆ ವಾಪಸ್ ಬರುತ್ತೇನೆ, ಯಾಕೆಂದರೆ ಒಂದು ವಿಷಯ ಯಾರೂ ಎಲ್ಲೂ ಹೇಳುವುದಿಲ್ಲ. ಮೂರನೇ ವಿಡಿಯೋ ರಚೆನಿತ್ಸಾ ಕುಣಿತದ ಹಾಡು. ಏಳರ ಲೆಕ್ಕ: ಎರಡು, ಎರಡು, ಮೂರು. ದೊಡ್ಡಮ್ಮ ಒಂದು ಕಾಲದಲ್ಲಿ ವೀಣೆ ನುಡಿಸುತ್ತಿದ್ದವರು. ಕಣ್ಣು ಮುಚ್ಚಿ ತೊಡೆ ಮೇಲೆ ಬೆರಳು ತಟ್ಟಿ, "ಇದು ಮಿಶ್ರ ಛಾಪು ತಾಳ ತಲೆಕೆಳಗು ಕಣೇ. ಮೂರು ಮೊದಲು ಬರಬೇಕು, ಇವರು ಕೊನೆಗೆ ಇಟ್ಕೊಂಡಿದ್ದಾರೆ" ಅಂದರು. ವಿಲೋಮ ಛಾಪು! ಸರಿಯಾಗಿ ಹೇಳಿದರು. ಆದರೆ ಮನೆಯ ವಾಟ್ಸಾಪ್ ಗುಂಪಿನಲ್ಲಿ ಇವತ್ತಿಗೂ ಓಡುತ್ತಿರುವುದು "ಯಾರು ಹೋದ್ರಂತೆ" ಮಾತ್ರ.

ಯಾರಾದರೂ ಒಮ್ಮೆ ಕೇಳಲಿ ಅಂತ ನಾನು ಕಾಯುತ್ತಿರುವ ಪ್ರಶ್ನೆಯೇ ಬೇರೆ. ಕೆಳಗೆ ಒಂದೇ ಸ್ವರ ಹಿಡಿದವರು ಉಸಿರು ಎಲ್ಲಿ ತಗೊಳ್ತಾರೆ?

ಮೇಲಿನ ಮನೆ ಹುಡುಗಿಯ ಪಾಲಿಗೆ ಬಂದದ್ದು ಆ ಸ್ವರವೇ. ಶರತ್ಕಾಲದಲ್ಲಿ ಇಡೀ ಬೀದಿ ಕೆಂಪು ದಪ್ಪಮೆಣಸಿನಕಾಯಿ ಸುಡುತ್ತದೆ. ಚುಷ್ಕೊಪೆಕ್ ಅಂತ ಅದಕ್ಕೇ ಒಂದು ಕರೆಂಟಿನ ಒಲೆ ಇದೆ. ಅವಳು ಬಾಲ್ಕನಿಯಲ್ಲಿ ಮೆಣಸಿನಕಾಯಿ ಸುಡುತ್ತಾ, ಸಿಪ್ಪೆ ಸುಲಿಯುತ್ತಾ, ಗಂಟೆಗಟ್ಟಲೆ ಆ ಒಂದೇ ಸ್ವರ ಹಿಡಿಯುತ್ತಿದ್ದಳು. ಮೊದಲ ವಾರ ನಾನು ಫ್ರಿಜ್ ಕೆಟ್ಟಿದೆ ಅಂದುಕೊಂಡಿದ್ದೆ. ನಿಯಮ ಆಮೇಲೆ ಹೇಳಿದಳು. ಸಾಲಿನ ಕೊನೆಗೆ ಉಸಿರು ತಗೊಳ್ಳಬಾರದು, ಅಲ್ಲಿ ಎಲ್ಲರಿಗೂ ಆಸೆ ಆಗುತ್ತದೆ. ಪದದ ನಡುವೆ, ಸ್ವರ ಎಳೆಯುತ್ತಿರುವಾಗ ಕದಿಯಬೇಕು. ಪಕ್ಕದವಳು ತಗೊಳ್ಳುವಾಗ ತಗೊಳ್ಳಬಾರದು. ವಾಪಸ್ ಬರುವಾಗ ಬಾಗಿಲು ತೆರೆದ ಸದ್ದೂ ಆಗಬಾರದು. ಪಕ್ಕದವಳ ಉಸಿರು ಯಾವಾಗ ಮುಗಿಯುತ್ತದೆ ಅಂತ ನಿನಗೆ ಹೇಗೆ ಗೊತ್ತು ಅಂದರೆ, "ಭುಜ" ಅಂದಳು. ಅವರು ಭುಜಕ್ಕೆ ಭುಜ ತಾಗಿಸಿ ನಿಲ್ಲುತ್ತಾರಲ್ಲ, ಅದು ಬರೀ ಚಂದಕ್ಕೆ ಅಂದುಕೊಂಡಿದ್ದೆ.

ಊರು ಬಿಡುವ ಮುಂಚೆ ಆ ಕಲ್ಲಿನ ರಂಗಮಂದಿರದಲ್ಲಿ ಅವರ ಕಛೇರಿಗೆ ಹೋದೆ. ಮುಂದಿನ ಸಾಲಲ್ಲಿ ಕೂತೆ. ಇವತ್ತು ಹಿಡಿದೇ ಬಿಡುತ್ತೇನೆ ಅಂತ ಹಾಡಿನ ಪೂರ್ತಿ ಅವಳ ಬಾಯನ್ನೇ ನೋಡುತ್ತಿದ್ದೆ. ಹಾಡು ಮುಗಿಯಿತು. ಅವಳು ನನ್ನ ಕಡೆ ನೋಡಿ ಹುಬ್ಬು ಹಾರಿಸಿದಳು. ನನಗೆ ಒಂದೂ ಸಿಕ್ಕಿರಲಿಲ್ಲ.