ಒಂದೇ ಪೊಟ್ಟಣದ ಹನ್ನೆರಡು ಬಲೂನುಗಳು

ಎಂಟನೇ ತರಗತಿಯಲ್ಲಿರುವ ಮಗಳು ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಆರಿಸಿಕೊಂಡ ಪ್ರಶ್ನೆ ನೋಡಲು ಸರಳವಾಗಿತ್ತು: ಒಂದೇ ಪೊಟ್ಟಣದ, ಒಂದೇ ಅಳತೆಯ ಬಲೂನುಗಳೆಲ್ಲ ಒಂದೇ ಒತ್ತಡವನ್ನು ತಾಳುತ್ತವೆಯೇ? ಟೈರಿನ ಗಾಳಿ ನೋಡುವ ಮಾಪಕವನ್ನು ಜೋಡಿಸಿದರಾಯಿತು ಎಂದುಕೊಂಡಿದ್ದೆ. ಬಲೂನು ಒಡೆದುಹೋದರೂ ಅದರ ಮುಳ್ಳು ಸೊನ್ನೆಯಿಂದ ಕದಲಲಿಲ್ಲ.

ಕೊನೆಗೆ, ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪನ್ನು ಯು ಆಕಾರಕ್ಕೆ ಬಾಗಿಸಿ ಹಲಗೆಗೆ ಬಿಗಿದು, ಕೆಂಪು ಶಾಯಿ ಬೆರೆಸಿದ ನೀರು ತುಂಬಿ, ಅದರ ಒಂದು ತುದಿಯನ್ನು ಬಲೂನಿಗೂ ಸೈಕಲ್ ಪಂಪಿಗೂ ಸೇರಿಸಿದೆವು. ಎರಡು ಬದಿಯ ನೀರಿನ ಮಟ್ಟಗಳ ಅಂತರವೇ ಒತ್ತಡದ ಅಳತೆ. ಮೊದಲ ಸಲ ನಾನು ಅವಸರದಲ್ಲಿ ಪಂಪು ಒತ್ತಿದ್ದರಿಂದ ನೀರು ಪೈಪಿನ ಬಾಯಿಂದ ಚಿಮ್ಮಿ ಗೋಡೆಗೆ ಬಿತ್ತು. ಆ ಕಲೆಯೂ ಅದರ ಬಗ್ಗೆ ಹೆಂಡತಿಯ ಮಾತೂ ಇನ್ನೂ ಮಾಸಿಲ್ಲ.

ಪೈಪನ್ನು ಉದ್ದ ಮಾಡಿ ನಿಧಾನವಾಗಿ ಗಾಳಿ ತುಂಬಿದಾಗ, ಬಲೂನು ಇನ್ನೂ ಕಿತ್ತಳೆಯಷ್ಟು ಆಗುವ ಮೊದಲೇ ಅಂತರ 28 ಸೆಂ.ಮೀ. ಮುಟ್ಟಿತು. ಆಮೇಲೆ ಬಲೂನು ದೊಡ್ಡದಾದಂತೆ ನೀರು ಏರುವ ಬದಲು ಇಳಿಯತೊಡಗಿ 19ಕ್ಕೆ ಬಂದು ನಿಂತಿತು. ಒಡೆಯುವ ಮುನ್ನವಷ್ಟೇ ಮತ್ತೆ ತುಸು ಏರಿತು. ಗಾಳಿ ಸೋರುತ್ತಿದೆಯೆಂದು ನಾನು ಎಲ್ಲ ಜೋಡಣೆಗಳಿಗೂ ಸೋಪಿನ ನೀರು ಹಚ್ಚಿ ನೋಡಿದೆ. ಸೋರಿಕೆ ಇರಲಿಲ್ಲ. ರಬ್ಬರಿನ ಬಿಗಿತ ಮೊದಲು ಬೇಗ ಹೆಚ್ಚಿ ನಂತರ ನಿಧಾನವಾಗುತ್ತದೆ, ತ್ರಿಜ್ಯ ಮಾತ್ರ ಬೆಳೆಯುತ್ತಲೇ ಇರುತ್ತದೆ. ತ್ರಿಜ್ಯ ಹೆಚ್ಚಿದಷ್ಟೂ ಅಷ್ಟೇ ಬಿಗಿತ ಒಳಗಿನ ಗಾಳಿಯನ್ನು ಕಡಿಮೆ ಒತ್ತುತ್ತದೆ. ಬಾಯಿಂದ ಊದುವಾಗ ಮೊದಲೆರಡು ಉಸಿರಿಗೆ ಕೆನ್ನೆ ನೋಯುವುದು ಇದಕ್ಕೇ.

"ಹಾಗಾದರೆ ಅಪ್ಪಾ, ಒಡೆಯುವಾಗಿನ ಒತ್ತಡವೇ ಅತಿ ಹೆಚ್ಚಿನದಲ್ಲವಲ್ಲ" ಎಂದ ಮಗಳು, ಶಿಖರದ ಒತ್ತಡ ಮತ್ತು ಒಡೆಯುವವರೆಗೆ ಪಂಪು ಒತ್ತಿದ ಎಣಿಕೆ ಎಂದು ಎರಡು ಕಾಲಂ ಗೆರೆ ಹಾಕಿದಳು. ಹನ್ನೊಂದು ಬಲೂನುಗಳ ಶಿಖರ 26ರಿಂದ 30 ಸೆಂ.ಮೀ. ಒಳಗೇ ಇತ್ತು, ಎಣಿಕೆ ಮಾತ್ರ 58ರಿಂದ 86ರವರೆಗೆ ಚೆದುರಿತ್ತು. ಶಿಖರವನ್ನು ಇಡೀ ಬಲೂನಿನ ರಬ್ಬರು ನಿರ್ಧರಿಸುತ್ತದೆ, ಒಡೆಯುವುದನ್ನು ಅದರ ಅತ್ಯಂತ ದುರ್ಬಲ ಜಾಗ.

ಹನ್ನೆರಡನೆಯದು 21ಕ್ಕೇ ನಿಂತಿತು. ಹಿಂದಿನ ಸಂಜೆ ಅದನ್ನು ಒಮ್ಮೆ ಊದಿ ಆಡಿದ್ದೆವು. ಒಮ್ಮೆ ಹಿಗ್ಗಿದ ರಬ್ಬರು ಮೆತ್ತಗಾಗಿರುತ್ತದೆ. ಅದನ್ನು ಕೈಬಿಡೋಣವೆಂದು ನಾನು ಹೇಳಿದೆ. ಅವಳು ಒಪ್ಪದೆ, ಅದರ ಸಾಲಿನ ಮುಂದೆ "ನಿನ್ನೆ ಊದಿದ್ದು" ಎಂದು ಬರೆದು ಹಾಗೆಯೇ ಉಳಿಸಿಕೊಂಡಳು.