ಹೆಬ್ಬೆರಳಿನ ಮುಂದೆ ಬರೆದ ಅಂಕಿ

ಜನವರಿ ತಿಂಗಳು, ಕಾಫಿ ಕೊಯ್ಲು ಜೋರಾಗಿತ್ತು. ಗೋಣಿಕೊಪ್ಪದ ನನ್ನ ಫಿಸಿಯೋಥೆರಪಿ ಕ್ಲಿನಿಕ್‌ಗೆ ಆ ದಿನಗಳಲ್ಲಿ ಬರುವವರೆಲ್ಲ ಸೊಂಟ ಹಿಡಿದವರೇ. 50 ಕೆಜಿ ಮೂಟೆ ಹೊತ್ತವರು, ಮೆಣಸು ಕೊಯ್ಯೋಕೆ ಏಣಿ ಹತ್ತಿದವರು.

ಆ ಬೆಳಿಗ್ಗೆ ಬಂದ ಅಣ್ಣ ತೋಟದಲ್ಲಿ ಲೋಡಿಂಗ್ ಕೆಲಸದವರು. ಅದು ಅವರ ಮೂರನೇ ಭೇಟಿ. ಜೊತೆಗೆ ಬಂದಿದ್ದ ಮಗ ಮೊಬೈಲ್ ಮುಂದೆ ಹಿಡಿದ. "ಮೇಡಂ, ಈ ವಿಡಿಯೋ ನೋಡಿ. ಒಂದೇ ಸಲಕ್ಕೆ ಲಟಕ್ ಅನ್ನಿಸ್ತಾರೆ. ಅಪ್ಪಂಗೂ ಹಾಗೇ ಮಾಡಿಬಿಡಿ."

ಅದು ಕೈರೋಪ್ರಾಕ್ಟಿಕ್ ವಿಡಿಯೋ. 1895ರಲ್ಲಿ ಅಮೆರಿಕದ ಡ್ಯಾವೆನ್‌ಪೋರ್ಟ್‌ನಲ್ಲಿ ಡಿ. ಡಿ. ಪಾಮರ್ ಶುರು ಮಾಡಿದ, ಬೆನ್ನೆಲುಬಿನ ಕೀಲುಗಳನ್ನು ಕೈಯಿಂದ ಒತ್ತಿ ತಿರುಚುವ ಪದ್ಧತಿ. ಬ್ರಿಟನ್‌ನಲ್ಲಿ 1994ರಲ್ಲಿ ಅದಕ್ಕೆ ಕಾಯ್ದೆಯೇ ಬಂತು. ಅಲ್ಲಿನ ಕೈರೋಪ್ರಾಕ್ಟರ್‌ಗಳು ಮೊದಲು ರೋಗಿಯ ಹಿನ್ನೆಲೆ ಕೇಳಬೇಕು, ಪರೀಕ್ಷೆ ಮಾಡಬೇಕು, ಅಪಾಯ ಹೇಳಿ ಒಪ್ಪಿಗೆ ತಗೋಬೇಕು, ಅದನ್ನೆಲ್ಲ ಬರೆದಿಡಬೇಕು. ವಿಡಿಯೋದಲ್ಲಿ ಕೇಳೋದು ಲಟಕ್ ಸದ್ದು ಮಾತ್ರ ಅಲ್ವಾ? ನಾವು ಫಿಸಿಯೋಗಳೂ ಬೆನ್ನೆಲುಬಿನ ಮೇಲೆ ಕೈ ಇಡುವವರು. ಆ ಕಟ್ಟುನಿಟ್ಟು ನಮಗೂ ಬೇಕು ಅಂತಲೇ ನಂಬಿದವಳು ನಾನು.

ಫೈಲ್ ತೆರೆದೆ. ಮೊದಲ ದಿನ ನಾನೇ ಬರೆದಿದ್ದೆ: 'ಎಡಗಾಲಿನ ಹೆಬ್ಬೆರಳು ಎತ್ತುವ ಬಲ: 5'. ಸೊನ್ನೆಯಿಂದ ಐದರವರೆಗಿನ ಲೆಕ್ಕ ಅದು. 5 ಅಂದರೆ ಪೂರ್ತಿ ಬಲ. ಸೊಂಟದಲ್ಲಿ ನರ ಒತ್ತಿಹೋದರೆ ಈ ಬಲ ಇಳಿಯಬಹುದು. ಈಗ ಅದೇ ಹೆಬ್ಬೆರಳ ಮೇಲೆ ನನ್ನ ಎರಡು ಬೆರಳಿಟ್ಟು "ಎತ್ತಿ ಅಣ್ಣ" ಅಂದೆ. ಮೇಲೆ ಬಂತು. ಸ್ವಲ್ಪ ಒತ್ತಿದ್ದೇ ತಡ, ಕೆಳಗೆ ಬಿದ್ದುಹೋಯಿತು. ಮೂರು.

ಮಗನನ್ನು ಹೊರಗೆ ಕಳಿಸಿದೆ. "ಮೂತ್ರ ಸರಿಯಾಗಿ ಹೋಗ್ತಿದೆಯಾ?"

ಅವರು ತಲೆ ತಗ್ಗಿಸಿದರು. "ನಿನ್ನೆ ರಾತ್ರಿಯಿಂದ ಕಷ್ಟ ಮೇಡಂ. ಇವತ್ತು ಜೀಪಲ್ಲಿ ಕೂತರೆ ಕೆಳಗೆ ಸೀಟು ಇದೆ ಅಂತಲೇ ಗೊತ್ತಾಗಲಿಲ್ಲ."

ಬೆನ್ನುಹುರಿ ಮುಗಿದ ಮೇಲೆ ಕೆಳಗಿಳಿಯುವ ನರಗಳ ಗೊಂಚಲು ಒತ್ತಿಹೋದರೆ ಹೀಗಾಗುತ್ತೆ. ಕಾಡಾ ಈಕ್ವೈನಾ ಸಿಂಡ್ರೋಮ್ ಅಂತಾರೆ. ತಡವಾದರೆ ಮೂತ್ರದ ಹಿಡಿತ, ಕಾಲಿನ ಬಲ ವಾಪಸ್ ಬರದೇ ಹೋಗಬಹುದು. ಅಂಥ ಸೊಂಟವನ್ನು ತಿರುಚೋ ಮಾತೇ ಇಲ್ಲ. ಬೇಕಿರುವುದು ತುರ್ತು ಎಂಆರ್‌ಐ. ಎರಡು ದಿನಾಂಕ, ಎರಡು ಅಂಕಿ, ಮೂತ್ರದ ವಿಷಯ, ಗಂಟೆ ಎಷ್ಟು ಅನ್ನೋದನ್ನೂ ಬರೆದು, ಹುಣಸೂರಿನ ದಾರಿಯಲ್ಲಿ ಮೈಸೂರಿಗೆ ಕಳಿಸಿದೆ.

ಮಧ್ಯಾಹ್ನ ಅಲ್ಲಿಂದ ಡಾಕ್ಟರ್ ಫೋನ್ ಮಾಡಿದರು. "ಎರಡನೇ ಭೇಟಿಯಲ್ಲಿ ಬಲ ಎಷ್ಟಿತ್ತು?"

ಆ ಪುಟದಲ್ಲಿ ಒಂದೇ ಪದ: 'ಹಿಂದಿನಂತೆ'. ನನ್ನದೇ ಕೈಬರಹ. ಅವತ್ತು ಹೊರಗೆ ಬೆಂಚು ತುಂಬಿತ್ತು, ಅದು ನೆನಪಿದೆ. ಹೆಬ್ಬೆರಳು ಮುಟ್ಟಿ ನೋಡಿದ್ದೆನಾ? ನೆನಪಿಲ್ಲ. ಬಲ ಯಾವತ್ತಿಂದ ಇಳಿಯಿತು ಅನ್ನೋದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಹಾಗಂತಲೇ ಹೇಳಿದೆ. ಹೊಟ್ಟೆಯೊಳಗೆ ಏನೋ ಕಿವುಚಿದ ಹಾಗಾಯಿತು.

ಪೆನ್ನು ಕೈಯಲ್ಲೇ ಇತ್ತು. ಆ ಪದದ ಪಕ್ಕ ಒಂದು ಅಂಕಿ ಸೇರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಸೇರಿಸಲಿಲ್ಲ. ಮೂರನೇ ಭೇಟಿಯ ಪುಟದಲ್ಲಿ, ಆ ದಿನದ್ದೇ ತಾರೀಕು ಹಾಕಿ ಬರೆದೆ: 'ಎರಡನೇ ಭೇಟಿಯಲ್ಲಿ ಬಲ ಪರೀಕ್ಷಿಸಿದ ದಾಖಲೆ ಇಲ್ಲ'. ಕೆಳಗೆ ಸಹಿ ಮಾಡಿದೆ.

ಅವರಿಗೆ ಆ ರಾತ್ರಿಯೇ ಆಪರೇಷನ್ ಆಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದ ವಾರ ವ್ಯಾಯಾಮಕ್ಕೆ ನನ್ನಲ್ಲಿಗೇ ಬಂದರು. ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಕೇಳುವ ಮೊದಲೇ ಎಡಗಾಲು ಚಾಚಿ ಹೆಬ್ಬೆರಳು ಎತ್ತಿ ತೋರಿಸಿದರು. ಒತ್ತಿದೆ. ತಡೆದು ನಿಂತಿತು, ಆಮೇಲೆ ಮೆಲ್ಲಗೆ ಸೋತಿತು. ನಾಲ್ಕು ಅಂತ ಬರೆದೆ.